ನನ್ನ ಕಿಣ್ವ, ಅಮ್ಮನ ರವಿಕೆ

ನಂಜನಗೂಡಿನಿಂದ ಮೈಸೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ನನ್ನದು ಅರ್ಧ ನಿದ್ದೆ, ಅರ್ಧ ಸಂಶೋಧನೆ. ಕಪಿಲೆಯ ಮೇಲೆ ಮಂಜು ಕವಿದಿರುತ್ತಿತ್ತು. ಸೇತುವೆ ದಾಟುವಾಗ ಕಣ್ಣು ಮುಚ್ಚಿದರೆ ಸಾಕು, ನನ್ನ ಕಿಣ್ವ ಎದುರಿಗೆ ತೇಲಿ ಬರುತ್ತಿತ್ತು. ಹೊಸ ಶತಮಾನ ಶುರುವಾಗಿ ಎರಡು ಮೂರು ವರ್ಷವಾಗಿದ್ದಿರಬೇಕು, ನಾನು ಆ ಒಂದು ಕಿಣ್ವದ, ಅಂದರೆ ಎನ್‌ಜೈಮಿನ, ಮೇಲೇ ಪಿಎಚ್.ಡಿ. ಮಾಡುತ್ತಿದ್ದೆ.

ಜೀವಕೋಶದೊಳಗೆ ಡಿಎನ್‌ಎ ಎಂಬ ಉದ್ದನೆಯ ಎಳೆ ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಸುತ್ತಿಕೊಂಡಿರುತ್ತದೆ. ಹಿಸ್ಟೋನಿಗೆ ಬಾಲಗಳಿವೆ. ಬಾಲಕ್ಕೆ ಅಸಿಟೈಲ್ ಎಂಬ ಪುಟ್ಟ ತುಣುಕು ಅಂಟಿಕೊಂಡರೆ ಸುತ್ತು ಸಡಿಲ, ಕಿತ್ತರೆ ಬಿಗಿ. ಕೀಳುವುದು ನನ್ನ ಕಿಣ್ವದ ಕೆಲಸ. ಅದರ ಮೈಯಲ್ಲೊಂದು ಇಕ್ಕಟ್ಟಾದ ಸುರಂಗ. ತಳದಲ್ಲಿ ಸತುವಿನ ಒಂದೇ ಒಂದು ಕಣ. ಅಸಿಟೈಲ್ ಹೊತ್ತ ಬಾಲದ ಕವಲು ಸುರಂಗಕ್ಕಿಳಿದು ಸತುವಿನ ಹತ್ತಿರ ಬಂದರೆ ಆಯಿತು, ಅಸಿಟೈಲ್ ಕಳಚಿಬಿಡುತ್ತದೆ. ಎಷ್ಟೋ ಬೆಳಿಗ್ಗೆ ನಾನೇ ಅದರೊಳಗೆ ಮೆತ್ತಗೆ ಇಳಿದುಹೋಗುತ್ತಿದ್ದೆ. ಮೈಸೂರು ಬಂತೆಂದು ಪಕ್ಕದವರು ಅಲುಗಿಸಿ ಎಬ್ಬಿಸುತ್ತಿದ್ದರು.

ಕಿಣ್ವವೂ ಪ್ರೋಟೀನೇ, ಅಮೈನೋ ಆಮ್ಲಗಳ ಉದ್ದನೆಯ ಸರ ಮಡಿಚಿಕೊಂಡು ಆದದ್ದು. ಸುರಂಗದಿಂದ ಬಹುದೂರ, ಕಿಣ್ವದ ಬೆನ್ನಿನ ಕಡೆ, ನಾನು ಒಂದೇ ಒಂದು ಅಮೈನೋ ಆಮ್ಲವನ್ನು ಬದಲಾಯಿಸಿದ್ದೆ. ಅಷ್ಟಕ್ಕೇ ಆ ಮಹಾರಾಯ ಕಿಣ್ವ ಕೆಲಸ ನಿಲ್ಲಿಸಿಬಿಟ್ಟಿತು. ಸತು ನೋಡಿದರೆ ಇದ್ದಲ್ಲೇ ಇತ್ತು.

"ಕಿಣ್ವಾನ ಶುದ್ಧ ಮಾಡೋವಾಗ ನೀವೇ ಕೆಡಿಸಿದ್ದೀರಿ ಕಣ್ರೀ," ಎಂದರು ನಮ್ಮ ಗೈಡ್. "ಒಂದು ತಿಂಗಳಲ್ಲಿ ಕಾರಣ ತೋರಿಸಿ. ಇಲ್ಲದಿದ್ದರೆ ಈ ಅಧ್ಯಾಯ ಕೈಬಿಡಿ."

ಎರಡು ವರ್ಷದ ಕೆಲಸ! ಅಳು ಬಂತು, ಆಮೇಲೆ ಅವರ ಮೇಲೂ ಸತುವಿನ ಮೇಲೂ ಕೆಂಡದಂಥ ಸಿಟ್ಟು ಬಂತು. ಮೂರು ವಾರ ಸುರಂಗದ ಸುತ್ತಮುತ್ತಲೇ ಹುಡುಕಿದೆ. ಏನೂ ಸಿಗಲಿಲ್ಲ.

ಅಮ್ಮ ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿದುಕೊಡುತ್ತಿದ್ದಳು. ಒಂದು ಭಾನುವಾರ ಮಧ್ಯಾಹ್ನ ಅವಳ ಮಿಷನ್ನಿನ ಸದ್ದಿಗೆ ತೂಕಡಿಸುತ್ತಾ ಕೂತಿದ್ದೆ. ಕಿಟಕಿಯ ಬಿಸಿಲಲ್ಲಿ ದಾರದ ಚೂರುಗಳು ತೇಲುತ್ತಿದ್ದವು. ಮಿಷನ್ ನಿಂತಿತು. ಅವಳು ಯಾರದೋ ರವಿಕೆಯ ಭುಜದ ಹೊಲಿಗೆ ಬಿಚ್ಚುತ್ತಿದ್ದಳು.

"ಭುಜಕ್ಕೇನಾಗಿದೆ?" ಎಂದೆ.

"ಕತ್ತಿನತ್ರ ಬಾಯಿ ಬಿಡ್ತದಂತೆ."

"ಮತ್ತೆ ಕತ್ತಿನ ಹತ್ತಿರ ಸರಿಮಾಡು."

"ಅಯ್ಯೋ ನಿನ್ನ! ಅಲ್ಲಿ ಬಾಯಿ ಬಿಟ್ರೆ ಅಲ್ಲೇ ಉಡುಕ್ತಾರೇನೇ? ಇಲ್ಲಿ ಒಂದೆಳೆ ಎಚ್ಚುಕಮ್ಮಿ ಆದ್ರೆ ಅಲ್ಲಿ ಸಡ್ಲ ಆಯ್ತದೆ ಕಣೆ. ಇಷ್ಟು ಓದಿ ಏನು ಬಂತು!"

ನಿದ್ದೆ ಹಾರಿಹೋಯಿತು. ಎದ್ದು ಅವಳ ಕೆನ್ನೆಗೆ ಮುತ್ತು ಕೊಟ್ಟೆ. "ಏ, ಸೂಜಿ ಅದೆ!" ಎಂದು ಬೈದಳು.

ಮರುದಿನ ಎರಡು ಕಿಣ್ವಗಳಿಗೂ, ಹಳೆಯದಕ್ಕೂ ಬದಲಾಯಿಸಿದ್ದಕ್ಕೂ, ಪ್ರೋಟೀನನ್ನು ಕತ್ತರಿಸುವ ಇನ್ನೊಂದು ಕಿಣ್ವವನ್ನು ಬೆರೆಸಿದೆ. ಬಿಗಿಯಾಗಿ ಮಡಿಚಿಕೊಂಡಿರುವ ಕಡೆ ಅದರ ಹಲ್ಲು ನಾಟುವುದಿಲ್ಲ. ಸಡಿಲವಿದ್ದ ಕಡೆ ನಾಟುತ್ತದೆ. ಹಳೆಯದು ಇಡಿಯಾಗಿ ಉಳಿಯಿತು. ಬದಲಾಯಿಸಿದ್ದು ಎರಡು ತುಂಡಾಯಿತು, ಅದೂ ಸರಿಯಾಗಿ ಸುರಂಗದ ಬಾಯಿಯಲ್ಲಿ. ಬೆನ್ನಿನ ಕಡೆ ಮಡಿಕೆ ಜರುಗಿ ಇಲ್ಲಿ ಬಾಯಿ ಅಗಲವಾಗಿತ್ತು. ಒಳಗಿಳಿದ ಕವಲನ್ನು ಹಿಡಿದು ನಿಲ್ಲಿಸಲು ಆಗುತ್ತಿರಲಿಲ್ಲ. ಶುದ್ಧ ಮಾಡುವಾಗ ಕೆಟ್ಟಿದ್ದರೆ ಎಲ್ಲ ಕಡೆ ಸಡಿಲವಾಗಿ ಚೂರುಚೂರಾಗುತ್ತಿತ್ತು. ನಾನೇನೂ ಕೆಡಿಸಿರಲಿಲ್ಲ.

ಗೈಡ್ ಫಲಿತಾಂಶದ ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅಧ್ಯಾಯ ಉಳಿಯಿತು.

"ಶಭಾಷ್. ದೂರದ ಬದಲಾವಣೆಯಿಂದ ಇಲ್ಲಿ ಸಡಿಲವಾಗಿರಬಹುದು ಅಂತ ಹೇಗೆ ಹೊಳೆಯಿತು?"

ಲ್ಯಾಬಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. "ಯಾವುದೋ ಪೇಪರಿನಲ್ಲಿ ಓದಿದ್ದೆ ಸರ್," ಎಂದೆ.

ಸಂಜೆ ಅಮ್ಮನಿಗೆ ಎಲ್ಲ ವಿವರಿಸಿದೆ, ಆ ಪೇಪರಿನ ಮಾತೊಂದನ್ನು ಬಿಟ್ಟು. ಅವಳು ಮಿಷನ್ ನಿಲ್ಲಿಸಿದಳು.

"ನಾನೇಳಿದ್ದು ಅಂತ ಅಂದ್ಯಾ?"

"ಹೂಂ ಅಮ್ಮ. ತುಂಬಾ ಮೆಚ್ಕೊಂಡ್ರು."

ಅವಳ ಮುಖ ಅರಳಿತು. ಸೆರಗಿನಿಂದ ಕನ್ನಡಕ ಒರೆಸಿಕೊಂಡು, ಸ್ವಲ್ಪ ನಾಚಿಕೊಂಡು ಕೇಳಿದಳು: "ಏಳ್ನೇ ಕ್ಲಾಸು ಓದಿರೋಳು ಅಂತಾನೂ ಏಳ್ದ್ಯಾ?"

ಅದನ್ನೂ ಹೇಳಿದೆ ಎಂದೆ.