ಅಕ್ಕ ನೋಡಿದ ಪರದೇಶದ ತೋಟಗಳು

ಜಗತ್ತಿನ ಚಂದದ ತೋಟಗಳನ್ನೆಲ್ಲ ನಾನು ನೋಡಿದ್ದು ಕುಮಟಾದ ಆಸ್ಪತ್ರೆಯಲ್ಲಿ. ಅಕ್ಕನ ಎರಡೂ ಕಿಡ್ನಿ ಹೋಗಿವೆ. ವಾರದಲ್ಲಿ ಮೂರು ದಿನ ಕರ್ಕಿಯಿಂದ ಬಸ್ಸು ಹತ್ತಿ ಡಯಾಲಿಸಿಸ್‌ಗೆ ಹೋಗುತ್ತೇವೆ. ಅವಳ ರಕ್ತ ಯಂತ್ರದೊಳಗೆ ಸುತ್ತಿ ಬರುವಷ್ಟು ಹೊತ್ತೂ ನಾನು ಫೋನನ್ನು ಅವಳ ಮುಖದೆದುರು ಹಿಡಿದು ಕೂರುತ್ತೇನೆ. ಧಾರಾವಾಹಿ ಅವಳಿಗೆ ಬೇಡ. ತೋಟ ಬೇಕು, ಅದೂ ಪರದೇಶದ್ದು.

ಹೂ ನೋಡುತ್ತಾಳೆ ಎಂದುಕೊಂಡಿದ್ದೆ. ಅಂಗಳದ ಅಬ್ಬಲಿಗೆ, ಮಲ್ಲಿಗೆ ಗಿಡಗಳ ಹತ್ತಿರವೇ ಸುಖ-ದುಃಖ ಹೇಳಿಕೊಳ್ಳುತ್ತಿದ್ದವಳು ಅವಳು. ಆದರೆ ಹಾಲೆಂಡಿನ ಟ್ಯೂಲಿಪ್ ತೋರಿಸಿದರೆ "ಮುಂದೆ ಹಾಕು" ಅಂದಳು. ಫ್ರಾನ್ಸಿನ ಅರಮನೆಯ ತೋಟದಲ್ಲಿ ಕಾರಂಜಿ ಚಿಮ್ಮಿದಾಗ ದಿಂಬಿನಿಂದ ತಲೆ ಎತ್ತಿದಳು. ಸ್ಪೇನಿನ ಬೆಟ್ಟದ ಮೇಲೊಂದು ಹಳೇ ತೋಟವಿದೆ. ಅಲ್ಲಿ ಮೆಟ್ಟಿಲ ಪಕ್ಕದ ಕಟ್ಟೆಯ ಮೇಲೇ ನೀರು ಹರಿಯುತ್ತದೆ, ಕೈ ಅದ್ದಿಕೊಂಡೇ ಹತ್ತಬಹುದು. ಅದನ್ನು ಮತ್ತೆ ಮತ್ತೆ ಹಾಕಿಸಿದಳು. ವಿಡಿಯೊದವನಿಗೆ ತೋಟ ಕಟ್ಟಿಸಿದ ರಾಜನ ಚಿಂತೆ, ಇವಳಿಗೆ ನೀರಿನ ಚಿಂತೆ.

"ಅದು ಕುಡೀಲಿಕ್ಕೆ ಆತದನೆ ತಂಗಿ?"

ಆಗ ನನಗೆ ಹೊಳೆಯಿತು. ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಅಳೆದು ಕೊಡುವ ಕೆಲಸ ನನ್ನದು. ಬಂದವರಿಗೆ ಬೆಲ್ಲ-ನೀರು ಕೊಡದೆ ಮಾತೇ ಶುರು ಮಾಡದ ಮನೆಯಲ್ಲಿ ನಾನು ಒಡಹುಟ್ಟಿದವಳ ಕೈಯಿಂದ ಲೋಟ ಕಸಿದಿದ್ದೇನೆ. ಈ ಕೆಲಸ ಶತ್ರುವಿಗೂ ಬೇಡ.

ಕಾಯಿಲೆಯವರನ್ನು ನೋಡಲು ನಮ್ಮ ಕಡೆ ಯಾರೂ ಬರಿಗೈಯಲ್ಲಿ ಬರುವುದಿಲ್ಲ, ಎಳನೀರು ತರುತ್ತಾರೆ. ಬಂದವರನ್ನೆಲ್ಲ ಬಾಗಿಲಲ್ಲೇ ತಡೆದು ಹೇಳುತ್ತಿದ್ದೆ: ಕಿಡ್ನಿ ಹೋದವರಿಗೆ ಎಳನೀರು ವಿಷ, ಅದರ ಪೊಟ್ಯಾಸಿಯಂ ಹೃದಯವನ್ನೇ ನಿಲ್ಲಿಸಿಬಿಡುತ್ತದೆ. ಒಂದು ದಿನ ನಾನು ಮಾತ್ರೆ ತರಲು ಹೊನ್ನಾವರಕ್ಕೆ ಹೋದಾಗ ಧಾರೇಶ್ವರದ ಸೋದರತ್ತೆ ಬಂದಳು. ತನ್ನ ಮನೆಯ ಮರದ ಎಳನೀರು ಕೆತ್ತಿ, ಅಕ್ಕನ ತಲೆ ಎತ್ತಿ ಹಿಡಿದು ಕುಡಿಸಿದಳು. ಅಕ್ಕ ಬೇಡ ಎನ್ನಲಿಲ್ಲ. ನಾನು ಬರುವಷ್ಟರಲ್ಲಿ ಅವಳ ಕೈಕಾಲು ಸೋತು, ಎದೆ ತಾಳ ತಪ್ಪಿ ಹೊಡೆದುಕೊಳ್ಳುತ್ತಿತ್ತು. ರಿಕ್ಷಾ ಕುಮಟಾ ಮುಟ್ಟುವವರೆಗೂ ಅತ್ತೆಗೆ ಬಾಯಿಗೆ ಬಂದಂತೆ ಬೈದೆ.

"ದೇವರಿಗೆ ಅಭಿಷೇಕ ಮಾಡೂ ಎಳನೀರು ಮಾರಾಯ್ತಿ, ಅದು ವಿಷ ಹೆಂಗೆ ಆತದೆ?" ಅತ್ತೆ ಅಳುತ್ತಿದ್ದಳು.

ಅಕ್ಕ ಉಳಿದಳು. ಆಮೇಲೆ ಕಾರಂಜಿ ಸಾಕು ಅಂದಳು. ನಾನೇ ಹುಡುಕಿ ಜಪಾನಿನ ಒಂದು ತೋಟ ಹಾಕಿದೆ. ಅಲ್ಲಿ ಹೂವಿಲ್ಲ, ನೀರಿಲ್ಲ. ಬಿಳಿ ಜಲ್ಲಿಯನ್ನು ತೆರೆ ಎದ್ದ ಹಾಗೆ ಗೀರಿಟ್ಟಿದ್ದಾರೆ, ನಡುನಡುವೆ ಕಲ್ಲು. ಜನ ಜಗಲಿಯ ಮೇಲೆ ಸುಮ್ಮನೆ ಕೂತು ನೋಡುತ್ತಾರೆ. ಇದಾದರೆ ಅವಳಿಗೆ ಬಾಯಾರಿಕೆ ತರಿಸಲಿಕ್ಕಿಲ್ಲ ಎಂದು ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡಿದ್ದೆ.

ಅಕ್ಕ ಬಹಳ ಹೊತ್ತು ನೋಡಿದಳು.

"ಚಂದ ಇತ್ತು. ಆದ್ರೆ ಹಿಂಗೆ ಒಣಗಿಕೊಂಡು ಇರೂಕೆ ನನ್ನ ಕೈಲಿ ಆತಿಲ್ಲ."

ನರ್ಸು ಆಚೆ ಹೋದ ಮೇಲೆ ನನ್ನ ಮಣಿಕಟ್ಟು ಹಿಡಿದಳು. "ಅತ್ತೆ ಕೊಟ್ಟದ್ದು ಒಂದೇ ಎಳನೀರು. ನೀ ಎರಡು ಕೊಡು. ಆತಾ?"

ನಾನು ಫೋನು ಆರಿಸಿ ಅವಳ ಕಾಲು ನೀವುತ್ತ ಕೂತೆ.

ಮರುದಿನ ಮರ ಹತ್ತುವವನನ್ನು ಕರೆಸಿ ಅಂಗಳದ ತೆಂಗಿನಿಂದ ಎಳೆಗೊನೆಗಳನ್ನೆಲ್ಲ ಇಳಿಸಿದೆ. ಬೇಡ ಬೇಡವೆಂದರೂ ಕೇಳದೆ ನೆರೆಮನೆಯವರಿಗೆ ಹೊರಿಸಿ ಕಳಿಸಿದೆ. ಅಕ್ಕ ಕಿಟಕಿಯಲ್ಲಿ ಕೂತು ನೋಡಿದಳು, ಸಿಟ್ಟು ಮಾಡಲಿಲ್ಲ. ತೆಂಗು ಮತ್ತೆ ಗೊನೆ ಬಿಡುತ್ತದೆ ಎಂದು ಇಬ್ಬರಿಗೂ ಗೊತ್ತು. ಬೆಳಿಗ್ಗೆ ಎದ್ದು ಅವಳು ಮೊದಲು ನೋಡುವುದು ಆ ಮರದ ತುದಿಯನ್ನು. ಕೆಲವು ದಿನ, ಅವಳ ಒಡೆದ ತುಟಿ ಕಂಡು, ಅವಳಿಗಿಂತ ಮೊದಲು ನಾನೇ ನೋಡುತ್ತೇನೆ.