ಅಕ್ಕನ ಬೆರಳು, ಮಾವನ ಶುಗರ್

ಮರಾಠಿ ಸೀಮೆಯ ಶಹರದಂಚಿನ ವಾಕಡದಲ್ಲಿ ಹೊಲಗಳ ಮೇಲೆ ಕಟ್ಟಡಗಳು ಏಳುತ್ತಿದ್ದ ವರ್ಷಗಳಲ್ಲಿ ನಾನೂ ನನ್ನ ಅಕ್ಕನ ಗಂಡ ಮಾವನೂ ಕೂಡಿ ನೆಲಕ್ಕೆ ಫರಸಿ ಕಲ್ಲು ಹಾಸುತ್ತಿದ್ದೆವು. ನಾನು ಐದನೇ ಇಯತ್ತೆಗೆ ಶಾಲೆ ಬಿಟ್ಟವನು, ಮಾವ ಮೂರಕ್ಕೇ. ಆದರೂ ದೊಡ್ಡ ದೊಡ್ಡ ಸಾಹೇಬರು ನಾವು ನೆಲ ಹಾಸಿದ ಮೇಲೆಯೇ ತಮ್ಮ ಮನೆಯಲ್ಲಿ ಕಾಲಿಡುತ್ತಿದ್ದರು. ಆ ಹೆಮ್ಮೆ ನನಗೆ ಇವತ್ತಿಗೂ ಇದೆ. 'ಗೊತ್ತಿಲ್ಲ' ಎಂಬ ಮಾತು ಮಾತ್ರ ನಮ್ಮಿಬ್ಬರ ಬಾಯಿಂದ ಬರುತ್ತಿರಲಿಲ್ಲ.

ಫರಸಿಯ ಅಂಚು ತಾಗಿ ಮಾವನ ಎಡಗಾಲಿನ ಹೆಬ್ಬೆರಳಿಗೆ ಆದ ಗಾಯ ಎಷ್ಟು ದಿನವಾದರೂ ಒಣಗಲಿಲ್ಲ. ನೆಲ ಹಾಸುವವನು ದಿನವಿಡೀ ತುದಿಗಾಲಲ್ಲಿ ಕುಕ್ಕರಿಸಬೇಕು. ಹೆಬ್ಬೆರಳು ಹೋದರೆ ಕಸುಬೇ ಹೋದಂತೆ. ಕ್ಯಾಂಪ್ ಎಂಬ ಪೇಟೆಯ ದವಾಖಾನೆಯ ಡಾಕ್ಟರು ಶುಗರ್ ಇದೆ ಎಂದು ಗುಳಿಗೆ ಕೊಟ್ಟು, ಮನೆಯಲ್ಲೇ ಶುಗರ್ ನೋಡಿಕೊಳ್ಳುವ ಪುಟ್ಟ ಮಷೀನು ಕೊಳ್ಳಲು ಹೇಳಿ, ಇನ್ನೂರು ದಾಟಿದರೆ ಕೂಡಲೇ ಬಾ ಎಂದರು.

ಮಷೀನಿನ ಜೊತೆ ಬಂದ ಕಾಗದವನ್ನು ಮಾವ ಬಿಚ್ಚಲೇ ಇಲ್ಲ. ಬೆರಳಿನ ಬದಿಗೆ ಚುಚ್ಚಬೇಕೆಂದು ಅದರಲ್ಲಿ ಚಿತ್ರವೇ ಇತ್ತಂತೆ. ಚಿತ್ರ ನೋಡಲು ಯಾವ ಇಯತ್ತೆಯೂ ಬೇಡ. ಆದರೆ ಕಾಗದ ನೋಡಿ ಕೆಲಸ ಮಾಡಿದರೆ ಮೇಸ್ತ್ರಿಯ ಮಾನವೇನಾಗಬೇಕು? ನೇರ ಬೆರಳ ತುದಿಗೇ ಚುಚ್ಚಿದ. ಸಿಮೆಂಟು ತಿಂದು ಗಟ್ಟಿಯಾದ ಚರ್ಮ, ಸೂಜಿಯೇ ಸೋತಿತು.

"ನನ್ನ ರಕ್ತ ಹಿಂಗ ಸುಮ್ಮಸುಮ್ಮನ ಬರಂಗಿಲ್ಲ," ಎಂದು ಮೀಸೆ ತೀಡಿ ಅಕ್ಕನನ್ನು ಕರೆದ. "ಬಾ ಇಲ್ಲಿ, ಬೆರಳು ಕೊಡು. ಒಂದೇ ಒಲಿ ರೊಟ್ಟಿ ತಿಂತೀವಿ, ಶುಗರ್ ಬ್ಯಾರೆ ಎಲ್ಲಿಂದ ಬರ್ತದ?"

ನನಗೂ ಸರಿಯೆನಿಸಿತು. ಒಂದೇ ಟಾಕಿಯ ನೀರು, ಯಾವ ನಳ ತಿರುಗಿಸಿದರೇನು?

ನೂರಾ ಹತ್ತು ಬಂತು. ಮಾವ ಊರಿಗೆಲ್ಲ ಚಹಾ ಕುಡಿಸಿದ. ಸೋಮವಾರ ಅಕ್ಕನ ಉಪವಾಸ, ಅಂದು ಅಂಕಿ ಇನ್ನೂ ಇಳಿಯುತ್ತಿತ್ತು. ಹಾಗಾಗಿ ಮಾವ ಜಿಲೇಬಿಗೆ ಸೋಮವಾರವನ್ನೇ ಗೊತ್ತು ಮಾಡಿಕೊಂಡ. ಹೆಂಡತಿಯ ಉಪವಾಸದಿಂದ ಗಂಡನ ಆಯುಷ್ಯ ಹೆಚ್ಚುತ್ತದೆ ಎಂಬುದನ್ನು ಇಷ್ಟು ಗಾಢವಾಗಿ ನಂಬಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

"ರೀ, ಕಾಲ್ಬೆರಳು ಕರ್ರಗಾಗ್ಯದ, ದವಾಖಾನಿಗೆ ನಡೀರಿ," ಎಂದಳು ಅಕ್ಕ.

"ಮಷೀನು ಸುಳ್ಳು ಹೇಳ್ತದೇನು? ನೀ ಭಾಳ ಶಾಣ್ಯಾಕಿ ಆಗಬ್ಯಾಡ."

ಕೊನೆಗೆ ಗಾಯ ನಾರತೊಡಗಿದಾಗ ನಾನೂ ಅಕ್ಕನೂ ಅವನನ್ನು ರಿಕ್ಷಾಕ್ಕೆ ಹಾಕಿಕೊಂಡು ಕ್ಯಾಂಪಿಗೆ ಒಯ್ದೆವು. ನರ್ಸಮ್ಮ ಅವನ ಕೈ ಬಿಸಿನೀರಲ್ಲಿ ತೊಳೆದು ಬೆರಳಿನ ಬದಿಗೆ ಚುಚ್ಚಿದಳು. ಆ ಮಹಾ ರಕ್ತ ಸುಮ್ಮನೆ ಬಂತು. ಮುನ್ನೂರ ಎಂಬತ್ತು.

"ಮನೆಯಲ್ಲಿ ಎಷ್ಟು ಬರುತ್ತಿತ್ತು?" ಡಾಕ್ಟರು ಮರಾಠಿಯಲ್ಲಿ ಕೇಳಿದರು. ಮಾವ ಗೋಡೆಯ ಟೈಲ್ಸು ಸರಿಯಾಗಿ ಕೂತಿವೆಯೇ ಎಂದು ಪರೀಕ್ಷಿಸತೊಡಗಿದ. ಅಕ್ಕ, ಚುಚ್ಚಿ ಚುಚ್ಚಿ ಚುಕ್ಕೆಬಿದ್ದ ತನ್ನ ಬೆರಳುಗಳನ್ನು ಮೇಜಿನ ಮೇಲೆ ಹರವಿದಳು.

"ತಮ್ಮಾ, ಡಾಕ್ಟರಿಗೆ ಹೇಳು. ನಂದು ಭಾಳ ಚಲೋ ಅದ. ಇವರದು ಯಾರೂ ನೋಡೇ ಇಲ್ಲ."

ಅದನ್ನು ಮರಾಠಿಗೆ ತಿರುಗಿಸಿದೆ. ಟಾಕಿ, ನಳದ ನನ್ನ ಲೆಕ್ಕವನ್ನು ಮಾತ್ರ ಬಿಟ್ಟೆ.

ಹೆಬ್ಬೆರಳು ತೆಗೆದರು. ಕುಕ್ಕರಿಸಲು ಬಾರದ ಮಾವ ಕಲ್ಲು ಕೊಯ್ಯುವ ಮಷೀನಿನ ಮುಂದೆ ನಿಂತ. ನೆಲವೆಲ್ಲ ನನ್ನ ಪಾಲಾಯಿತು. ಬಂದವರಿಗೆಲ್ಲ ಅವನು ಹೇಳುತ್ತಿದ್ದದ್ದು ಒಂದೇ:

"ಹಾಸೂದು ಯಾರರೆ ಹಾಸ್ತಾರ್ರೀ. ಕೊಯ್ಯಾಕ ಶಾಣ್ಯಾ ಮನಶ್ಯಾನೇ ಬೇಕು."