ಆಗಿದ್ದು, ಮಾಡಿಸಿದ್ದು

ಒಂದೇ ಒಂದು ವಾಕ್ಯ ಹೇಳಿದೆ ನೋಡಿ, ಎದುರಿಗೆ ಕೂತು ಊಟ ಮಾಡುತ್ತಿದ್ದ ಥೆರೇಸಾ ಡಬ್ಬಿಯ ಮುಚ್ಚಳ ಹಾಕಿ, ಎದ್ದು ಬೇರೆ ಮೇಜಿಗೆ ಹೋದಳು. ನಾನು ಕೈಯಲ್ಲಿದ್ದ ಚಪಾತಿ ಕೈಯಲ್ಲೇ ಹಿಡಿದು ಕೂತೆ.

ಕೆನಡಾದ ಬೋಲ್ಟನ್ನಿನ ಗೋದಾಮೊಂದರಲ್ಲಿ ಪೆಟ್ಟಿಗೆಗಳಿಗೆ ವಿಳಾಸದ ಚೀಟಿ ಅಂಟಿಸುವ ಕೆಲಸ ನನ್ನದು. ಮೈಸೂರಿನಲ್ಲಿ ಹೈಸ್ಕೂಲ್ ಟೀಚರಾಗಿದ್ದೆ ಎಂಬುದನ್ನು ಇಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬ್ರ್ಯಾಂಪ್ಟನ್ನಿನಲ್ಲಿ ನಾವಿರುವುದು ಬೇಸ್‌ಮೆಂಟಿನಲ್ಲಿ, ಅಂದರೆ ಬೇರೆಯವರ ಮನೆಯ ನೆಲಮಾಳಿಗೆಯಲ್ಲಿ. ಮೊದಲ ಚಳಿಗಾಲದಲ್ಲಿ ನನಗೆ ಹುಚ್ಚು ಹಿಡಿಯದೆ ಉಳಿದದ್ದು ಪೋರ್ಚುಗಲ್ ಮೂಲದ ಈ ಥೆರೇಸಾಳಿಂದ. ಎಂಥ ಬೂಟು ಕೊಳ್ಳಬೇಕು, ಹೆಪ್ಪುಗಟ್ಟಿದ ರಸ್ತೆಯಲ್ಲಿ ಹೇಗೆ ಹೆಜ್ಜೆ ಇಡಬೇಕು, ಸೂಪರ್‌ವೈಸರ್ ಕೂಗಾಡಿದರೆ ಏನು ಹೇಳಬೇಕು, ಎಲ್ಲ ಕಲಿಸಿದವಳು ಅವಳೇ. ಈ ದೇಶದಲ್ಲಿ ಗೆಳತಿ ಅಂತ ನನಗಿದ್ದವಳು ಅವಳೊಬ್ಬಳು.

ಅಂದು ಊಟದ ಕೋಣೆಯ ಟಿವಿಯಲ್ಲಿ ಚುನಾವಣೆಯ ಸುದ್ದಿ. ಒಬ್ಬ ನಾಯಕ, ನಾವು ಗೆದ್ದರೂ ಗರ್ಭಪಾತದ ವಿಷಯಕ್ಕೆ ಕೈ ಹಾಕುವುದಿಲ್ಲ ಎಂದು ಆಣೆ ಇಡುವವನಂತೆ ಹೇಳುತ್ತಿದ್ದ. ನನಗೆ ಸೋಜಿಗ. ನಮ್ಮಲ್ಲಿ ರಸ್ತೆ, ನೀರು, ಅಕ್ಕಿ, ಜಾತಿ ಎಂದು ವೋಟು ಕೇಳುತ್ತಾರೆ. ಹೆಂಗಸರ ಬಸಿರಿನ ಮಾತು ಯಾವ ಭಾಷಣದಲ್ಲೂ ಬಂದದ್ದನ್ನು ನಾನು ಕಾಣೆ. ಇಲ್ಲಿನ ಸುಪ್ರೀಂ ಕೋರ್ಟು ದಶಕಗಳ ಹಿಂದೆಯೇ ಹಳೆಯ ಕಾನೂನನ್ನು ರದ್ದು ಮಾಡಿತಂತೆ, ಅದರ ಜಾಗಕ್ಕೆ ಇನ್ನೊಂದು ಬರಲೇ ಇಲ್ಲವಂತೆ. ಪಕ್ಕದ ಅಮೆರಿಕದ ಕೋರ್ಟು ಅರ್ಧ ಶತಮಾನ ಇದ್ದ ಹಕ್ಕನ್ನು ಕಿತ್ತುಕೊಂಡ ಮೇಲಂತೂ ಹೆದರಿಕೆ ಗಡಿ ದಾಟಿ ಈಚೆಗೂ ಬಂದಿದೆ. ಚುನಾವಣೆ ಬಂತೆಂದರೆ ಪ್ರತಿ ನಾಯಕನಿಗೂ ಅದೇ ಪ್ರಶ್ನೆ.

ಥೆರೇಸಾ ಭಾನುವಾರ ತಪ್ಪದೆ ಚರ್ಚಿಗೆ ಹೋಗುವವಳು. ಟಿವಿ ನೋಡಿ ನಿಟ್ಟುಸಿರಿಟ್ಟಳು. ಮಾತಿಗೊಂದು ಮಾತು ಸೇರಲಿ ಎಂದು ನಾನು, ‘ಐ ಆಲ್ಸೋ ಹ್ಯಾಡ್ ಒನ್ ಅಬಾರ್ಷನ್, ಇನ್ ಮೈಸೂರ್’ ಎಂದೆ. ಅಷ್ಟೇ. ಮಾರನೆಯ ದಿನ ಗುಡ್ ಮಾರ್ನಿಂಗ್ ಅಂದರೂ ಅವಳು ತಲೆ ಎತ್ತಲಿಲ್ಲ. ನಮ್ಮ ಮಾತು ಕೇಳಿಸಿಕೊಂಡಿದ್ದ ಇನ್ನೊಬ್ಬಳು ಬಂದು ನನ್ನ ಕೈ ಒತ್ತಿ, ನೀನು ಧೈರ್ಯಸ್ಥೆ, ಗರ್ಭಪಾತದ ಹಕ್ಕಿಗಾಗಿ ನಡೆಸುವ ನಮ್ಮ ಮೆರವಣಿಗೆಗೆ ಬಾ ಎಂದಳು. ಎಲಾ ಇವಳ, ನಾನು ಮಾಡಿದ ಧೈರ್ಯದ ಕೆಲಸವಾದರೂ ಯಾವುದು?

ಇನ್ನೊಂದು ಶಿಫ್ಟಲ್ಲಿ ಇರುವ ಉಡುಪಿಯ ಶೈಲಕ್ಕ ಬಸ್ಸಿನಲ್ಲಿ ಸಿಕ್ಕಾಗ ಎಲ್ಲ ಹೇಳಿಕೊಂಡೆ. ಅವರು ಹಣೆ ಚಚ್ಚಿಕೊಂಡರು.

‘ಎಂತ ಮಾರಾಯ್ತಿ! ನೀನು ಹೇಳಿದ್ದು ಎಂತ ಅಂತ ಗೊತ್ತುಂಟಾ? ಇಲ್ಲಿ ಅಬಾರ್ಷನ್ ಅಂದ್ರೆ ಮಾಡಿಸಿದ್ದು ಮಾತ್ರ. ತನ್ನಷ್ಟಕ್ಕೆ ಹೋದದ್ದಕ್ಕೆ ಮಿಸ್‌ಕ್ಯಾರೇಜ್ ಅಂತ ಹೇಳ್ಬೇಕು.’

ನಮ್ಮಲ್ಲಿ ಎರಡಕ್ಕೂ ಅದೇ ಪದ ತಾನೇ? ಅಬಾರ್ಷನ್ ಆಯ್ತು, ಅಬಾರ್ಷನ್ ಮಾಡಿಸಿದ್ರು. ವ್ಯತ್ಯಾಸವನ್ನೆಲ್ಲ ಹೊರುವುದು ಕನ್ನಡದ ಕ್ರಿಯಾಪದ. ಇಂಗ್ಲಿಷಿಗೆ ದಾಟುವಾಗ ನಾನು ಅದನ್ನೇ ಬಿಟ್ಟು ಬಂದಿದ್ದೆ. ನನ್ನದು ಮೂರು ತಿಂಗಳಿಗೆ ತಾನಾಗಿ ಹೋದದ್ದು. ಅದಕ್ಕಾಗಿ ಎಷ್ಟು ಅತ್ತಿದ್ದೇನೆಂದು ನನಗೇ ಗೊತ್ತು.

ಮರುದಿನ ಥೆರೇಸಾಳಿಗೆ ಬಿಡಿಸಿ ಹೇಳಿದೆ. ಅವಳು ನನ್ನನ್ನು ತಬ್ಬಿಕೊಂಡು, ಸಾರಿ ಸಾರಿ ಎನ್ನುತ್ತ ಗೊಳೋ ಎಂದು ಅತ್ತಳು. ನನಗೆ ಹಾಯೆನಿಸಬೇಕಿತ್ತು. ಆದರೆ ಕಣ್ಣೆದುರು ಬಂದದ್ದು ನನ್ನ ತಂಗಿ ರೇಖಾ.

ಅವಳು ಮಾಡಿಸಿಕೊಂಡವಳು. ಆಗ ಮದುವೆಯಾಗಿರಲಿಲ್ಲ. ಆಸ್ಪತ್ರೆಗೆ ಜೊತೆಗೆ ಹೋದವಳು ನಾನು. ಕಾನೂನಿನ ಅಡ್ಡಿಯಿರಲಿಲ್ಲ, ಮದುವೆಯಾಗದ ಹೆಣ್ಣಿಗೂ ಈ ಹಕ್ಕಿದೆ ಎಂದು ನಮ್ಮ ಸುಪ್ರೀಂ ಕೋರ್ಟೂ ಹೇಳಿತ್ತು, ಯಾವ ಪಕ್ಷವೂ ತಕರಾರು ತೆಗೆದಿರಲಿಲ್ಲ. ಮನೆಗೆ ಬಂದಾಗ ಅಮ್ಮ, ‘ಇಲ್ಲಿಗೆ ಮುಗೀತು, ಇನ್ನು ಯಾರೂ ಬಾಯಿ ಬಿಡಕೂಡದು’ ಎಂದರು. ಆ ತೀರ್ಪಿಗೆ ಮೇಲ್ಮನವಿ ಇರಲಿಲ್ಲ. ನಾನೂ ಬಾಯಿ ಹೊಲಿದುಕೊಂಡೆ.

ಈಗ ಈ ಅಪ್ಪುಗೆ ನನಗೆ ಸಿಕ್ಕಿದ್ದು ನನ್ನದು ‘ಆಗಿದ್ದು’ ಎಂಬ ಕಾರಣಕ್ಕೆ. ನನ್ನ ಜಾಗದಲ್ಲಿ ರೇಖಾ ಇದ್ದಿದ್ದರೆ? ಗೆಳತಿ ಮತ್ತೆ ಕೈ ತಪ್ಪಿದರೆ ತಪ್ಪಲಿ ಎಂದು ಹೇಳಿಯೇಬಿಟ್ಟೆ.

‘ಥೆರೇಸಾ, ನನ್ನ ತಂಗಿ ಮಾಡಿಸಿಕೊಂಡಳು. ನಾನೇ ಕರೆದುಕೊಂಡು ಹೋಗಿದ್ದೆ.’

ಅವಳ ತೋಳು ಸಡಿಲವಾಯಿತು. ‘ಅದು ತಪ್ಪು ಅಂತಲೇ ನನ್ನ ನಂಬಿಕೆ. ನನ್ನ ವೋಟೂ ಹಾಗೇ ಬೀಳುತ್ತೆ’ ಎಂದಳು. ಆಮೇಲೆ ನನ್ನ ಮುಖ ನೋಡಿ ಕೇಳಿದಳು: ‘ಅವಳು ಈಗ ಹೇಗಿದ್ದಾಳೆ?’

ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಒಂದು ದಿನವೂ ನಾನು ಕೇಳಿರಲಿಲ್ಲ. ನಾಚಿಕೆಯಿಂದ ಕುಗ್ಗಿಹೋದೆ.

ಆ ಭಾನುವಾರ ರೇಖಾಳಿಗೆ ಫೋನ್ ಮಾಡಿ, ಆಸ್ಪತ್ರೆಗೆ ಹೋದ ಆ ದಿನದ ಮಾತೆತ್ತಿ, ‘ನೀನು ಹೇಗಿದ್ದೀಯೇ?’ ಎಂದೆ. ಅವಳು ಕೇಳಿದಳು:

‘ಇದನ್ನ ಕೇಳೋಕೆ ಅಷ್ಟು ದೂರ ಹೋಗ್ಬೇಕಾಯ್ತಾ, ಅಕ್ಕ?’